ಓಡುತ್ತಿರುವುದನ್ನು ಮುಟ್ಟಬೇಡಿ

ಆ ಬೀದಿಯ ಮೂಲೆಯ ಕ್ಲಿನಿಕ್ಕಿನಲ್ಲಿ ಓದಿ ಪಾಸಾದ ಡಾಕ್ಟರೊಬ್ಬರಿದ್ದರು. ಅವರನ್ನು ಜನ ಬರೀ ‘ಕ್ಲಿನಿಕ್ಕಿನವರು’ ಎನ್ನುತ್ತಿದ್ದರು. ‘ಡಾಕ್ಟರು’ ಎಂದರೆ ಮಾತ್ರ ಎಲ್ಲರ ಬೆರಳೂ ಎದುರುಗಡೆಯ ಕಂಪ್ಯೂಟರ್ ರಿಪೇರಿ ಅಂಗಡಿಯ ಕಡೆಗೇ ಹೋಗುತ್ತಿತ್ತು. ಈ ಬಿರುದನ್ನು ಅವರಿಗೆ ಯಾರೂ ಕರೆದು ಕೊಟ್ಟದ್ದಲ್ಲ. ಅಂಗಡಿ ತೆರೆದ ದಿನ ಬೋರ್ಡಿನ ಮೇಲೆ ತಾವೇ ಬರೆಸಿಕೊಂಡರು. ಮೊದಮೊದಲು ಜನ ನಕ್ಕರು, ಆಮೇಲೆ ರೂಢಿಯಾಯಿತು, ಕೊನೆಗೆ ಅವರ ಸ್ವಂತ ಹೆಸರು ಪೋಸ್ಟಿನವನಿಗೂ ಮರೆತುಹೋಯಿತು. ಡಾಕ್ಟರಿಗೆ ಬೇಕಾಗಿದ್ದದ್ದೂ ಅದೇ.

ಕೆಲಸ ಬಾರದವರಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಸತ್ತೇಹೋಯಿತು ಅಂದ ಲ್ಯಾಪ್‌ಟಾಪನ್ನು ಬಿಚ್ಚಿ, ಸ್ಕ್ರೂಗಳನ್ನೆಲ್ಲ ಬಾಟಲಿ ಮುಚ್ಚಳಗಳಲ್ಲಿ ಸಾಲಾಗಿ ಇಟ್ಟು, ಬ್ರಷ್ಷಿನಿಂದ ಧೂಳು ಕೊಡವಿ, ಮತ್ತೆ ಉಸಿರಾಡುವಂತೆ ಮಾಡುತ್ತಿದ್ದರು. ಆದರೆ ಕೆಲಸಕ್ಕಿಂತ ನಾಟಕ ಜಾಸ್ತಿ. ಯಾರೇ ಯಂತ್ರ ತರಲಿ, ಮೊದಲು ಒಂದು ಬಿಳಿ ಹಾಳೆ ಹಾಸಿ ಅದರ ಮೇಲೆ ಕೀಬೋರ್ಡನ್ನು ಬೋರಲು ಹಾಕಿ ಬೆನ್ನಿಗೆ ತಟ್ಟುತ್ತಿದ್ದರು. ಬಿಸ್ಕತ್ತಿನ ಪುಡಿ, ಕೂದಲು, ಉಗುರಿನ ಚೂರು ಎಲ್ಲ ಉದುರಿ ಬೀಳುತ್ತಿದ್ದವು. “ಏನಮ್ಮಾ, ತಟ್ಟೆ ಇಲ್ವಾ ಮನೇಲಿ? ಇದರ ಮೇಲೇನಾ ಊಟ?” ಎಂದು ಅಂಗಡಿ ತುಂಬ ಕೇಳಿಸುವಂತೆ ಅನ್ನುತ್ತಿದ್ದರು. ತಂದವರ ಮುಖ ಇಷ್ಟೇ ಇಷ್ಟಾಗುತ್ತಿತ್ತು. ಹಾಗೆ ಮುಖ ಬಾಡಿಸಿಕೊಂಡವರು ಆಮೇಲೆ ಡಾಕ್ಟರು ಏನು ಹೇಳಿದರೂ ತಲೆ ಅಲ್ಲಾಡಿಸುತ್ತಿದ್ದರು.

ಗುಣವಾದ ಯಂತ್ರವನ್ನು ವಾಪಸು ಕೊಡುವಾಗ ಅದರ ಮೈಮೇಲೆ ಒಂದು ಹಳದಿ ಚೀಟಿ ಅಂಟಿಸುತ್ತಿದ್ದರು: ‘ಓಡುತ್ತಿರುವುದನ್ನು ಮುಟ್ಟಬೇಡಿ – ಡಾಕ್ಟರ್.’ ಸುತ್ತಲ ಬೀದಿಗಳಲ್ಲಿ ಈ ಚೀಟಿ ಇಲ್ಲದ ಲ್ಯಾಪ್‌ಟಾಪ್ ಸಿಗುವುದೇ ಕಷ್ಟವಾಗಿತ್ತು. ಕ್ಲಿನಿಕ್ಕಿನ ಮುಂದಿನ ಮೇಜಿನ ಮೇಲೆ ಅದೇ ಚೀಟಿ, ಟ್ಯೂಷನ್ ಮೇಡಂ ಮನೆಯಲ್ಲೂ ಅದೇ, ಹಾಸ್ಟೆಲ್ಲಿನ ಕೋಣೆ ಕೋಣೆಯಲ್ಲೂ ಅದೇ. “ಜನ ಕುರಿಗಳು ಕಣೇ,” ಎಂದು ಡಾಕ್ಟರು ಹೆಂಡತಿಯ ಮುಂದೆ ಮೀಸೆ ತಿರುವುತ್ತಿದ್ದರು, “ನಾನು ಏನು ಹಾಕಿಕೊಟ್ಟರೆ ಅದನ್ನೇ ಬಳಸ್ತಾರೆ. ಬದಲಾಯಿಸಬಹುದು ಅನ್ನೋದೂ ಅವರಿಗೆ ಗೊತ್ತಿಲ್ಲ.”

ಹೆಂಡತಿ ಬಟ್ಟೆ ಮಡಚುತ್ತ, “ಆ ಕುರಿಗಳ ದೆಸೆಯಿಂದಲೇ ನಮ್ಮನೆ ಒಲೆ ಉರೀತಿರೋದು,” ಅನ್ನುತ್ತಿದ್ದಳು. ಡಾಕ್ಟರು ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಅವರ ತಲೆಗೆ ಇಷ್ಟು ಮದ ಏರಿಸಿದ್ದು ಎರಡು ದೊಡ್ಡ ಕಂಪನಿಗಳ ಜಗಳ. ಇಂಟರ್ನೆಟ್ಟಿನ ಬಾಗಿಲು ಅಂದರೆ ಬ್ರೌಸರು. ಅದನ್ನು ತೆರೆದ ಕೂಡಲೇ ‘ಏನು ಬೇಕು?’ ಎನ್ನುವಂತೆ ಒಂದು ಖಾಲಿ ಪಟ್ಟಿ ಕಾಣುತ್ತದಲ್ಲ, ಅಲ್ಲಿ ನಾವು ಕೇಳಿದ್ದಕ್ಕೆ ಉತ್ತರ ಕೊಡುವುದು ಯಾವ ಕಂಪನಿಯ ಸರ್ಚ್ ಇಂಜಿನ್ ಆಗಿರಬೇಕು ಎಂಬುದೇ ಜಗಳ. ನಾವು ಏನೂ ಹೇಳದಿದ್ದರೆ ಯಾವುದು ಬಂದು ಕೂರುತ್ತದೋ ಅದು ಡಿಫಾಲ್ಟ್. ಒಂದು ಕಂಪನಿಯ ಗುರುತು ನೀಲಿ, ಇನ್ನೊಂದರದು ಹಸಿರು. ಎರಡೂ ಲೋಕವನ್ನೆಲ್ಲ ಅರೆದು ಕುಡಿದಿದ್ದೇವೆ ಎಂದು ಹೇಳಿಕೊಳ್ಳುವಂಥವೇ. ನಮ್ಮದೇ ಒಳ್ಳೆಯದು, ಬೇಕಾದರೆ ಹೋಲಿಸಿ ನೋಡಿ ಎಂದು ಜಾಹೀರಾತಿನಲ್ಲಿ ಎದೆ ಬಡಿದುಕೊಳ್ಳುತ್ತಿದ್ದವು. ಆದರೆ ಅಷ್ಟು ಒಳ್ಳೆಯದಾಗಿದ್ದರೆ ಜನ ಹೋಲಿಸಿ ನೋಡುವ ಮೊದಲೇ ಪಟ್ಟಿಯ ಹಿಂದೆ ಹೋಗಿ ಕೂರಲು ಈ ಪಾಟಿ ಒದ್ದಾಡುತ್ತಿದ್ದದ್ದು ಯಾಕೋ! ಊರೂರಿಗೆ ಏಜೆಂಟರನ್ನು ಬಿಟ್ಟು, ರಿಪೇರಿ ಅಂಗಡಿಯವರ ಬೆನ್ನು ಸವರಲು ಹಚ್ಚಿದ್ದವು.

ನೀಲಿಯ ಏಜೆಂಟ್ ಬಂದಾಗ ಒಂದು ಕ್ಯಾಲೆಂಡರ್ ಮತ್ತು ಪೆನ್ನು ಕೊಟ್ಟು ಹೋದ. ಡಾಕ್ಟರಿಗೆ ಅವಮಾನವಾಯಿತು. ಹಸಿರಿನ ಏಜೆಂಟ್ ಪಳಗಿದ ಆಸಾಮಿ. ಟೈ ಸಡಿಲಿಸಿಕೊಂಡು, ಸ್ಟೂಲಿನ ತುದಿಯಲ್ಲಿ ಕೂತು, “ಸರ್, ನಮ್ಮ ಮೀಟಿಂಗಲ್ಲಿ ನಿಮ್ಮ ಅಂಗಡಿ ಮಾತೇ ಬರುತ್ತೆ. ಈ ಏರಿಯಾ ಅಂದ್ರೆ ನೀವು. ನೀವು ಹಾಕಿದ್ದೇ ಜನ ಬಳಸೋದು,” ಅಂದ. ಡಾಕ್ಟರು ಉಬ್ಬಿಹೋದರು. ಮುಂದಿನ ಸಲ ಅವನು ಬಂದಾಗ ಗಾಡಿಯಿಂದ ಒಂದು ತಿರುಗುವ ಕುರ್ಚಿ ಇಳಿಯಿತು, ಜೊತೆಗೆ ‘ವರ್ಷದ ಶ್ರೇಷ್ಠ ಪಾಲುದಾರ’ ಎಂದು ಕೆತ್ತಿದ ಒಂದು ಗಾಜಿನ ಫಲಕ. ದುಡ್ಡಿಗೆ ಮಾರಿಕೊಂಡಿದ್ದರೆ ವ್ಯಾಪಾರ ಅಂತಲಾದರೂ ಅನ್ನಬಹುದಿತ್ತು. ಈ ಮಹಾನುಭಾವರು ಒಂದು ಕುರ್ಚಿಗೆ ಮಾರಿಕೊಂಡರು.

ಅವತ್ತಿನಿಂದ ಅಂಗಡಿಯಿಂದ ಹೊರಬಿದ್ದ ಪ್ರತಿ ಯಂತ್ರಕ್ಕೂ ಹಸಿರೇ ಗತಿ. ಡಾಕ್ಟರ ಪದ್ಧತಿ ಸುಲಭದ್ದು. ಒಂದು ಯಂತ್ರವನ್ನು ಮನಸ್ಸಿಗೆ ಬಂದಂತೆ ಸಿದ್ಧಮಾಡಿ, ಅದರ ಅಚ್ಚನ್ನೇ ಉಳಿದವುಗಳಿಗೆಲ್ಲ ಇಳಿಸುತ್ತಿದ್ದರು. ಆ ಅಚ್ಚಿನಲ್ಲಿ ಹಸಿರನ್ನು ಕೂರಿಸಿ, ಯಾರೂ ಬದಲಾಯಿಸದಂತೆ ತಮ್ಮ ಪಾಸ್‌ವರ್ಡಿನಿಂದ ಬೀಗ ಜಡಿದರು. ಫೋನು, ಟ್ಯಾಬುಗಳಿಗೂ ಅದೇ ಮದ್ದು. ಟ್ಯೂಷನ್ ಮೇಡಂ ಒಂದು ದಿನ ಫೋನು ಮಾಡಿ, “ಡಾಕ್ಟರೇ, ಸೆಟ್ಟಿಂಗಲ್ಲಿ ‘ನಿಮ್ಮ ಸಂಸ್ಥೆಯ ನಿಯಂತ್ರಣದಲ್ಲಿದೆ’ ಅಂತ ಬರ್ತಿದೆ. ನಂಗೆ ಯಾವ ಸಂಸ್ಥೆನೂ ಇಲ್ವಲ್ಲ?” ಎಂದು ಕೇಳಿದರು.

“ಇದೆ ಮೇಡಂ,” ಅಂದರು ಡಾಕ್ಟರು ಹೊಸ ಕುರ್ಚಿಯಲ್ಲಿ ಒಂದು ಸುತ್ತು ತಿರುಗಿ. “ನಾನೇ.”

ಈಗ ಅಕ್ಕನ ವಿಷಯ. ಡಾಕ್ಟರಿಗೆ ಒಬ್ಬಳೇ ಅಕ್ಕ. ಬ್ಯಾಗು, ಸೂಟ್‌ಕೇಸು ಹೊಲಿಯುವವಳು. ಹರಿದ ಹಿಡಿ, ಕಿತ್ತ ಪಟ್ಟಿ, ಬಾಯಿ ಬಿಟ್ಟ ಜಿಪ್ ಎಲ್ಲ ಅವಳ ಕೈಗೆ ಬಂದರೆ ಸರಿಹೋಗುತ್ತಿದ್ದವು. ಜನ ಅವಳನ್ನು ‘ಜಿಪ್ ಅಕ್ಕ’ ಎಂದೇ ಕರೆಯುತ್ತಿದ್ದರು. ಅಪ್ಪ ತೀರಿಹೋದ ಮೇಲೆ ತಮ್ಮನನ್ನು ಕಂಪ್ಯೂಟರ್ ಕೋರ್ಸಿಗೆ ಸೇರಿಸಿದವಳು ಅವಳೇ, ಸೇರಿಸಲು ದುಡಿದದ್ದು ಅದೇ ಹೊಲಿಗೆ ಯಂತ್ರ. ಡಾಕ್ಟರು ಮಾತ್ರ ಯಾರಾದರೂ ಕೇಳಿದರೆ, “ನಾನು ಸ್ವಂತ ಶ್ರಮದಿಂದ ಮೇಲೆ ಬಂದವನು,” ಅನ್ನುತ್ತಿದ್ದರು.

ರಸ್ತೆ ಅಗಲ ಮಾಡಲು ಕಟ್ಟಡ ಒಡೆದಾಗ ಅಕ್ಕ ದೊಡ್ಡ ರಸ್ತೆಯ ಅಂಗಡಿ ಬಿಟ್ಟು, ಹಿಂದಿನ ಓಣಿಯಲ್ಲಿ ಒಂದು ಮಹಡಿ ಮೆಟ್ಟಿಲ ಕೆಳಗಿನ ಕೋಣೆ ಹಿಡಿದಳು. ಅಲ್ಲಿ ಅಂಗಡಿ ಇದೆ ಎಂದು ದಾರಿಯಲ್ಲಿ ಹೋಗುವವರಿಗೆ ಗೊತ್ತಾಗುವ ಹಾಗಿರಲಿಲ್ಲ. ಅವಳನ್ನು ಉಳಿಸಿದ್ದು ಹಾಸ್ಟೆಲ್ಲಿನ ಹುಡುಗಿಯರು. ಅವರು ನೀಲಿ ಸರ್ಚಿನಲ್ಲಿ ಅವಳ ಹೊಸ ಜಾಗ ಹಾಕಿ, ಅವಳು ಯಂತ್ರದ ಮೇಲೆ ಬಗ್ಗಿ ನಗುತ್ತಿರುವ ಫೋಟೊ ಹಾಕಿ, ಕೆಳಗೆ ಒಬ್ಬರಾದ ಮೇಲೆ ಒಬ್ಬರು ಬರೆದರು. ‘ಅಮ್ಮನ ಕಾಲದ ಬ್ಯಾಗು, ಹೊಸದರ ಹಾಗೆ ಮಾಡಿಕೊಟ್ಟರು’ ಎಂದು ಒಬ್ಬಳು, ‘ಬೈತಾರೆ, ಆದರೆ ಚೆನ್ನಾಗಿ ಹೊಲಿತಾರೆ’ ಎಂದು ಇನ್ನೊಬ್ಬಳು. ಜಿಪ್ ರಿಪೇರಿ ಎಂದು ಹುಡುಕಿದವರು ಓಣಿಗೆ ದಾರಿ ಕಂಡುಕೊಂಡು ಬರತೊಡಗಿದರು. ಡಾಕ್ಟರು ಮಾರಲಾಗದೆ ಉಳಿದ ಒಂದು ಮೂಲೆ ಒಡೆದ ಟ್ಯಾಬನ್ನು ಅಕ್ಕನಿಗೆ ದಾನ ಮಾಡಿದ್ದರು. ಕೆಲಸ ಮುಗಿದ ಮೇಲೆ ಅಕ್ಕ ಕನ್ನಡಕ ಹಾಕಿಕೊಂಡು ಅದರಲ್ಲಿ ಹುಡುಗಿಯರು ಬರೆದದ್ದನ್ನು ಅಕ್ಷರ ಅಕ್ಷರ ಕೂಡಿಸಿ ಓದಿಕೊಂಡು ಖುಷಿಪಡುತ್ತಿದ್ದಳು. ಅವಳಿಗಿದ್ದ ಸನ್ಮಾನ ಅದೊಂದೇ.

ತಮ್ಮನಿಗೂ ತೋರಿಸುತ್ತಿದ್ದಳು. ಡಾಕ್ಟರು ಅರ್ಧ ನೋಡಿ, “ಈ ಕಾಲದಲ್ಲಿ ಬ್ಯಾಗ್ ಯಾರಕ್ಕ ಹೊಲಿಸ್ತಾರೆ? ಹರಿದರೆ ಬಿಸಾಕಿ ಹೊಸದು ತಗೋತಾರೆ. ಸಾಕು, ಬಾಗಿಲು ಹಾಕಿ ನಮ್ಮನೆಗೆ ಬಂದು ಆರಾಮಾಗಿರು,” ಅನ್ನುತ್ತಿದ್ದರು. ಆರಾಮು ಅಂದರೆ ಮಕ್ಕಳನ್ನು ನೋಡಿಕೊಂಡು, ಪಾತ್ರೆ ತೊಳೆದುಕೊಂಡು ಬಿದ್ದಿರು ಎಂದು ಅರ್ಥ. ಅಕ್ಕ ನಕ್ಕು ಮತ್ತೆ ಹೊಲಿಗೆಗೆ ಬಗ್ಗುತ್ತಿದ್ದಳು. ಒಂದು ದಿನ ಟ್ಯಾಬು ನಿಧಾನವಾಗಿದೆ ಎಂದು ಅವಳು ಹೇಳಿದ್ದಕ್ಕೆ ಡಾಕ್ಟರು ಅದನ್ನು ಅಂಗಡಿಗೆ ಒಯ್ದು, ಅದಕ್ಕೂ ತಮ್ಮ ಹಸಿರು ಕೂರಿಸಿ, ಬೀಗ ಜಡಿದು, ಹಳದಿ ಚೀಟಿ ಅಂಟಿಸಿ ತಂದುಕೊಟ್ಟರು.

ಮಳೆಗಾಲ ಬಂತು, ಹೋಯಿತು. ಓಣಿಗೆ ಬರುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಕೊನೆಗೊಂದು ಬೆಳಗ್ಗೆ ಡಾಕ್ಟರು ತಿಂಡಿ ತಿನ್ನುತ್ತಿರುವಾಗ ಹೆಂಡತಿ, “ರೀ, ನಿಮ್ಮಕ್ಕ ಅಂಗಡಿ ಬಿಡ್ತಾರಂತೆ. ತಿಂಗಳ ಕೊನೆಗೆ ಬೀಗದ ಕೈ ಕೊಡ್ತೀನಿ ಅಂತ ಮಾಲೀಕರಿಗೆ ಹೇಳಿಬಂದಿದ್ದಾರಂತೆ,” ಅಂದಳು.

“ನಾನು ಬಡ್ಕೊಂಡಿರಲಿಲ್ವಾ? ಈಗ ಬುದ್ಧಿ ಬಂತು,” ಅಂದರು ಡಾಕ್ಟರು.

“ಬುದ್ಧಿ ಬಂದೋರ ಮುಖ ಹಾಗಿರಲ್ಲ. ನಿನ್ನೆ ದಾರೀಲಿ ಸಿಕ್ಕಿದ್ರು, ನೋಡೋಕಾಗಲಿಲ್ಲ. ಹೋಗಿ ಒಂದು ಮಾತು ಕೇಳಿ ಬರಬಾರದಾ?”

“ಕೇಳೋದೇನಿದೆ? ಕಾಲ ಬದಲಾಯ್ತು, ಅಷ್ಟೇ,” ಎಂದು ಕೈ ತೊಳೆದರು ಡಾಕ್ಟರು. ತಪ್ಪನ್ನೆಲ್ಲ ಕಾಲದ ತಲೆಗೆ ಕಟ್ಟುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ, ಅದು ತಿರುಗಿ ಮಾತಾಡುವುದಿಲ್ಲ ನೋಡಿ.

ಆ ವಾರವೇ ಕ್ಲಿನಿಕ್ಕಿನಲ್ಲಿ ಪ್ರಿಂಟರ್ ಕೈಕೊಟ್ಟಿತು. ಡಾಕ್ಟರು ಹೋಗಿ ಮೇಜಿನ ಕೆಳಗೆ ತೂರಿದಾಗ ಅಲ್ಲಿ ರಿಸೆಪ್ಷನಿಸ್ಟ್ ಹೆಂಗಸಿನ ಬ್ಯಾಗು ಕಂಡಿತು. ಜಿಪ್ಪು ಕಿತ್ತುಹೋಗಿ, ಬಾಯಿಗೆ ಉದ್ದಕ್ಕೂ ಪಿನ್ನು ಚುಚ್ಚಿಕೊಂಡಿತ್ತು. ಅಪರೂಪಕ್ಕೆ ಡಾಕ್ಟರಿಗೆ ಉಪಕಾರಬುದ್ಧಿ ಹುಟ್ಟಿತು. “ಇದನ್ನ ನಮ್ಮಕ್ಕನಿಗೆ ಕೊಡಿ, ತಿಂಗಳ ಕೊನೆವರೆಗೂ ಇರ್ತಾಳೆ,” ಅಂದರು.

“ಜಿಪ್ ಅಕ್ಕನಾ? ಅವರು ಮುಚ್ಚಿ ಎಷ್ಟೋ ಕಾಲ ಆಯ್ತಲ್ಲ ಡಾಕ್ಟರೇ. ಇದ್ದಿದ್ರೆ ನಾನ್ಯಾಕೆ ಹೀಗೆ ಪಿನ್ನು ಹಾಕ್ಕೊಂಡು ಓಡಾಡ್ತಿದ್ದೆ?”

“ಯಾರ್ರೀ ಹೇಳಿದ್ದು ಮುಚ್ಚಿದೆ ಅಂತ?”

“ಇದೇ ಹೇಳಿದ್ದು,” ಎಂದು ಅವಳು ಹಳದಿ ಚೀಟಿಯ ಕಂಪ್ಯೂಟರನ್ನು ಅವರ ಕಡೆ ತಿರುಗಿಸಿ, ಜಿಪ್ ರಿಪೇರಿ ಎಂದು ಒತ್ತಿದಳು. ಹಸಿರು ಸರ್ಚು ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಟ್ಟಿತು. ಅಕ್ಕನ ಅಂಗಡಿಯ ಹೆಸರು, ದೊಡ್ಡ ರಸ್ತೆಯ ಹಳೆಯ ವಿಳಾಸ, ಎಳೆದ ಶಟರಿನ ಫೋಟೊ, ಅದರ ಕೆಳಗೆ ಕೆಂಪು ಅಕ್ಷರದಲ್ಲಿ ‘ಶಾಶ್ವತವಾಗಿ ಮುಚ್ಚಲಾಗಿದೆ’. ಅದರ ಕೆಳಗೆಲ್ಲ ಹೊಸ ಬ್ಯಾಗು ಮಾರುವವರ ಜಾಹೀರಾತು. “ಪಾಪ, ಒಳ್ಳೆ ಕೈ ಅವರದ್ದು. ಹಾಸ್ಟೆಲ್ಲಿನ ಹುಡುಗಿಯರೂ ಮುಚ್ಚಿದೆ ಅಂತಲೇ ಹೇಳ್ತಿದ್ರು,” ಅಂದಳು ಅವಳು. ಹಳೆಯ ಹುಡುಗಿಯರು ಓದು ಮುಗಿಸಿ ಹೋಗಿದ್ದರು. ಹೊಸಬರಿಗೆ ಗೊತ್ತಿದ್ದದ್ದು ಡಾಕ್ಟರ ಯಂತ್ರ ಹೇಳಿದ್ದಷ್ಟೇ.

ಡಾಕ್ಟರು ಪರದೆಯ ಮೇಲೆ ಬೆರಳು ಕುಟ್ಟಿದರು. “ಸುಳ್ಳು ಇದು. ಅಂಗಡಿ ತೆರೆದಿದೆ. ಹಿಂದಿನ ಓಣೀಲಿದೆ,” ಅಂದರು.

ಅವಳು ಪರದೆಯನ್ನೊಮ್ಮೆ, ಇವರನ್ನೊಮ್ಮೆ ನೋಡಿದಳು. “ಇದನ್ನ ಹಾಕಿಕೊಟ್ಟೋರು ನೀವೇ ಅಲ್ವಾ ಡಾಕ್ಟರೇ?” ಅಂದಳು. ಕುಹಕವೇನಿರಲಿಲ್ಲ, ಅವಳು ನಿಜವಾಗಿಯೂ ತಿಳಿಯದೆ ಕೇಳಿದ್ದು.

ಡಾಕ್ಟರು ಹೊರಗೆ ಬಂದು ಮೊದಲು ಹಸಿರಿನ ಏಜೆಂಟನಿಗೆ ಫೋನು ಹಚ್ಚಿದರು. “ಅಯ್ಯೋ ಸರ್, ನಾನೀಗ ಅಲ್ಲಿಲ್ಲ,” ಅಂದಿತು ಅದೇ ಬೆಣ್ಣೆಯಂಥ ದನಿ. “ನೀಲಿಗೆ ಬಂದುಬಿಟ್ಟೆ. ಹಸಿರು ಸರಿಯಿಲ್ಲ ಬಿಡಿ, ಅದರಲ್ಲಿ ಬರೋದೆಲ್ಲ ಹಳೇ ಮಾಹಿತಿ. ನಾಳೆ ಬರ್ಲಾ ಸರ್? ನಮ್ಮ ಕುರ್ಚಿ ಅದಕ್ಕಿಂತ ಚೆನ್ನಾಗಿದೆ.” ಡಾಕ್ಟರಿಗೆ ಪಿತ್ತ ನೆತ್ತಿಗೇರಿತು. ಫಟ್ಟನೆ ಫೋನು ಇಟ್ಟರು.

ಹಸಿರು ಕಂಪನಿಯ ಸಹಾಯವಾಣಿಯಲ್ಲಿ ಒಂದು ಯಂತ್ರ ಮಾತಾಡಿತು. ತಪ್ಪು ತಿದ್ದಬೇಕಾದರೆ ಅಂಗಡಿ ನಿಮ್ಮದೇ ಎಂದು ರುಜುವಾತು ಮಾಡಬೇಕು, ಅದಕ್ಕಾಗಿ ಅಂಗಡಿಯ ಹೆಸರಿನಲ್ಲಿರುವ ಫೋನಿಗೆ ಕರೆ ಮಾಡಿ ಒಂದು ಗುಪ್ತಸಂಖ್ಯೆ ಹೇಳುತ್ತೇವೆ ಎಂದಿತು. ಆ ಫೋನು ದೊಡ್ಡ ರಸ್ತೆಯ ಹಳೆಯ ಅಂಗಡಿಯದು. ಫೋನಿರಲಿ, ಅದನ್ನು ಮೊಳೆ ಹೊಡೆದು ಕೂರಿಸಿದ್ದ ಗೋಡೆಯ ಜಾಗದಲ್ಲಿ ಈಗ ಬಸ್ಸು ಓಡುತ್ತಿತ್ತು. ಡಾಕ್ಟರು ಮತ್ತೆ ಮತ್ತೆ ಹೇಳಿದರು, ಯಂತ್ರ ಮತ್ತೆ ಮತ್ತೆ ಮೊದಲಿನಿಂದ ಶುರುಮಾಡಿತು.

ಇನ್ನು ಉಳಿದದ್ದು ಒಂದೇ ದಾರಿ. ಕೊಟ್ಟ ಯಂತ್ರಗಳನ್ನೆಲ್ಲ ಹುಡುಕಿಕೊಂಡು ಹೋಗಿ ತಾವೇ ಜಡಿದ ಬೀಗವನ್ನು ತಾವೇ ತೆಗೆಯುವುದು. ಚೀಲ ಹೆಗಲಿಗೆ ಹಾಕಿಕೊಂಡು ಡಾಕ್ಟರು ಬೀದಿಗಿಳಿದರು. ಮನೆಮನೆಗೆ ಹೋಗಿ, ಬಾಗಿಲು ತಟ್ಟಿ, “ಒಂದು ಸಣ್ಣ ಕೆಲಸ ಇತ್ತು, ಲ್ಯಾಪ್‌ಟಾಪ್ ಕೊಡ್ತೀರಾ?” ಎಂದು ಹಲ್ಲು ಕಿರಿದು ನಿಂತರು. ಹಿಂದೆ ಯಾರ ಕೀಬೋರ್ಡು ಬೋರಲು ಹಾಕಿ ಮಾನ ಕಳೆದಿದ್ದರೋ ಅವರೇ ಬಾಗಿಲು ತೆರೆದವರು.

ಟ್ಯೂಷನ್ ಮೇಡಂ ಒಳಗೂ ಕರೆಯಲಿಲ್ಲ. “ಚೆನ್ನಾಗೇ ಓಡ್ತಿದೆಯಲ್ಲ ಡಾಕ್ಟರೇ,” ಎಂದು ಹಳದಿ ಚೀಟಿಯ ಮೇಲೆ ಬೆರಳಿಟ್ಟರು. “ನೀವೇ ಬರೆದಿದ್ದೀರಿ, ಮುಟ್ಟಬೇಡಿ ಅಂತ.”

“ನಾನು ಮುಟ್ಟಬಹುದು ಮೇಡಂ.”

“ಯಾರೂ ಮುಟ್ಟೋದು ಬೇಡ. ನಂಗೆ ಇದೇ ಅಭ್ಯಾಸ ಆಗಿಹೋಗಿದೆ.”

ಹಾಸ್ಟೆಲ್ಲಿನ ವಾರ್ಡನ್ ಪರೀಕ್ಷೆಯ ಹೊತ್ತು ಎಂದು ಗೇಟಿನಿಂದಲೇ ಅಟ್ಟಿದಳು. ಅಪಾರ್ಟ್‌ಮೆಂಟಿನ ಸೆಕ್ರೆಟರಿ ಮಾತ್ರ ಕನ್ನಡಕದ ಮೇಲಿನಿಂದ ಬಹಳ ಹೊತ್ತು ನೋಡಿ, “ಏನು, ಈಗ ನೀಲಿಯವರು ಏನಾದ್ರೂ ಕೊಟ್ರಾ?” ಎಂದು ಕೇಳಿದ. ಡಾಕ್ಟರಿಗೆ ಮುಖಕ್ಕೆ ಹೊಡೆದಂತಾಯಿತು. ಅಕ್ಕನ ಅಂಗಡಿಯ ಕಥೆ ಹೇಳಿದರು. “ಜನಕ್ಕೆ ಬೇಕಾದರೆ ಬೇರೆ ಕಡೆ ಹುಡುಕ್ತಾರೆ ಬಿಡಿ,” ಎಂದು ಸೆಕ್ರೆಟರಿ ಕಾಗದಕ್ಕೆ ಮುಖ ತಿರುಗಿಸಿದ. ಹುಡುಕುವುದಿಲ್ಲ, ಒಬ್ಬರೂ ಹುಡುಕುವುದಿಲ್ಲ ಎಂಬುದು ಡಾಕ್ಟರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ತಿಂಗಳು ಮುಗಿಯಿತು. ಬಾಯಿಬಿಟ್ಟು ಹೇಳಿಬಿಡೋಣ, ಅಂಗಡಿ ಬಿಡಬೇಡ ಎಂದು ಕಾಲು ಹಿಡಿಯೋಣ ಎಂದುಕೊಂಡು ಕೊನೆಗೆ ಓಣಿಗೆ ಹೋದರು. ಇಲ್ಲಿಂದ ಮುಂದೆ ಅವನನ್ನು ಡಾಕ್ಟರು ಅನ್ನಲು ನಾಲಿಗೆ ಏಳುವುದಿಲ್ಲ. ಅಕ್ಕನ ಬಾಗಿಲಲ್ಲಿ ನಿಂತವನು ಬರೀ ತಮ್ಮ.

ಕೋಣೆ ಆಗಲೇ ಖಾಲಿಯಾಗಿತ್ತು. ಹೊಲಿಗೆ ಯಂತ್ರವಿದ್ದ ಕಡೆ ನೆಲದ ಮೇಲೆ ಎಣ್ಣೆಯ ಕಲೆ ಮಾತ್ರ ಉಳಿದಿತ್ತು. ಅಕ್ಕ ದಾರದ ಉಂಡೆಗಳನ್ನು ಒಂದು ಚೀಲಕ್ಕೆ ತುಂಬುತ್ತಿದ್ದಳು.

“ಬಾರೋ ಪುಟ್ಟ. ಕೂತ್ಕೋ ಅನ್ನೋಕೆ ಸ್ಟೂಲೂ ಕೊಟ್ಟುಬಿಟ್ಟೆ.”

“ಯಾಕಕ್ಕ? ನಂಗೊಂದು ಮಾತು ಹೇಳಬಾರದಿತ್ತಾ?”

“ನಿಂಗೆ ಹೇಳೋದೇನು? ನೀನೇ ಹೇಳಿದ್ದಲ್ವಾ.” ಅವಳು ಚೀಲದ ತಳದಿಂದ ಟ್ಯಾಬು ತೆಗೆದು ತೋರಿಸಿದಳು. “ನೀನು ಇದನ್ನ ಕ್ಲೀನ್ ಮಾಡಿ ತಂದುಕೊಟ್ಟ ಮೇಲೆ ಹುಡುಗೀರು ಏನಾದ್ರೂ ಬರೆದಿದ್ದಾರಾ ಅಂತ ನೋಡ್ದೆ. ಅವರು ಬರೆದಿದ್ದು ಒಂದೂ ಇಲ್ಲ. ಶಾಶ್ವತವಾಗಿ ಮುಚ್ಚಿದೆ ಅಂತಿತ್ತು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ನೀನೇ ಇದರಲ್ಲಿ ಬರೆಸಿಬಿಟ್ಟಿದ್ದೀಯ ಅಂದ್ಕೊಂಡೆ. ಮೊದಲು ತುಂಬಾ ಸಿಟ್ಟು ಬಂತು ಕಣೋ. ಆಮೇಲೆ ನೋಡಿದ್ರೆ ಜನಾನೂ ಬರೋದು ಬಿಟ್ರು. ಓದಿದೋನು, ನಿಂಗೇ ಗೊತ್ತಿರುತ್ತೆ ಅನ್ನಿಸ್ತು.”

“ನಾನು ಬರೆಸಿಲ್ಲ ಅಕ್ಕ. ಅದು... ಅದು ತಾನಾಗೇ ಬಂದದ್ದು.”

“ತಾನಾಗೇ ಹೇಗೋ ಬರುತ್ತೆ, ಯಾರೂ ಹಾಕದೆ?”

ಅವನು ಹೇಳಿದ. ಏಜೆಂಟನನ್ನು, ಕುರ್ಚಿಯನ್ನು, ಗಾಜಿನ ಫಲಕವನ್ನು, ಬೀಗವನ್ನು, ಊರಿಗೆಲ್ಲ ಇಳಿಸಿದ ಅಚ್ಚನ್ನು, ಒಂದೂ ಬಿಡದೆ ಹೇಳಿದ. ಅಕ್ಕ ಮತ್ತೆ ದಾರದ ಉಂಡೆಗಳನ್ನು ಚೀಲಕ್ಕೆ ತುಂಬತೊಡಗಿದಳು. ಎಲ್ಲ ಕೇಳಿ ಆದಮೇಲೆ, “ಕುರ್ಚಿ ಕೂರೋಕೆ ಚೆನ್ನಾಗಿದೆಯಾ?” ಎಂದಳು.

ಅವನು ತಲೆ ತಗ್ಗಿಸಿದ. “ಬಿಡಬೇಡ ಅಕ್ಕ. ನಾನು ಎಲ್ಲಾ ಸರಿಮಾಡ್ತೀನಿ.”

“ಯಂತ್ರ ಮಾರಿ ಆಯ್ತು. ಕೋಣೆಗೆ ಬೇರೆಯೋರು ಬಂದಾಯ್ತು. ನಾಳೆಯಿಂದ ಬ್ಯಾಗ್ ಶೋರೂಮಲ್ಲಿ ಕೆಲಸ, ಹೊಸ ಬ್ಯಾಗ್ ಮಾರಬೇಕು.” ಅವಳು ಟ್ಯಾಬನ್ನು ಅವನ ಕೈಗಿಟ್ಟಳು. “ಊರಿಗೆ ಹಾಕಿದ್ದು ಇರಲಿ. ನಂಗೆ ಹಾಕಿದ್ದನ್ನಾದ್ರೂ ತೆಗಿ.”

ಅವನು ಹೊಸ್ತಿಲ ಮೇಲೆ ಕೂತು ಪಾಸ್‌ವರ್ಡ್ ಒತ್ತಿದ. ಬೀಗ ತೆಗೆಯಲು ಹೊತ್ತೇ ಹಿಡಿಯಲಿಲ್ಲ. ಹಸಿರು ಹೋಗಿ ನೀಲಿ ಬಂತು. ಮೆಟ್ಟಿಲ ಕೆಳಗಿನ ಅಂಗಡಿ ಬಂತು, ಯಂತ್ರದ ಮೇಲೆ ಬಗ್ಗಿ ನಗುತ್ತಿರುವ ಅಕ್ಕ ಬಂದಳು, ಹುಡುಗಿಯರು ಬರೆದದ್ದೆಲ್ಲ ಬಂತು. ಅಕ್ಕ ಕನ್ನಡಕ ಹಾಕಿಕೊಂಡು, ಅವನ ಹೆಗಲ ಮೇಲಿನಿಂದ ಬಗ್ಗಿ, ಒಂದೊಂದನ್ನೂ ಬಾಯಿಬಿಟ್ಟು ಓದಿದಳು. ‘ಬೈತಾರೆ’ ಅನ್ನುವಲ್ಲಿ ನಕ್ಕಳು. ಅವನಿಗೆ ಆ ನಗು ಸಹಿಸಲಾಗಲಿಲ್ಲ, ಅಳು ಬಂತು.

ಓಣಿಯ ಬಾಯಲ್ಲಿ ಮಾಲೀಕರು ಬಂದು ಕೆಮ್ಮಿದರು. ಅಕ್ಕ ಶಟರ್ ಎಳೆದು, ಬೀಗ ಹಾಕಿ, ಬೀಗದ ಕೈಯನ್ನು ಅವರಿಗೆ ಕೊಟ್ಟಳು. ತಮ್ಮನ ಕೈಯಲ್ಲಿ ಟ್ಯಾಬಿನ ಪರದೆ ಇನ್ನೂ ಬೆಳಗುತ್ತಿತ್ತು. ಅಂಗಡಿಯ ಹೆಸರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಇದ್ದದ್ದನ್ನು ಅವಳು ಬಗ್ಗಿ ನೋಡಿದಳು.

“ಈಗ ತೆರೆದಿದೆ ಅಂತ ಬರೆದಿದೆಯಲ್ಲೋ,” ಅಂದಳು. ಆಮೇಲೆ ಚೀಲವನ್ನು ಹೆಗಲಿಗೇರಿಸಿಕೊಂಡು, “ಇದೂ ಸುಳ್ಳೇ ಹೇಳ್ತಿದೆ, ಬಿಡು,” ಎಂದು ಹೊರಟಳು.